ಹಳೇ ಕಾಲದ ಬೆಂಚ್‌ರೆಸ್ಟ್ ರೈಫಲ್‌ಗೆ ತೋಟೆ ತುಂಬುವುದು: ಒಂದು ಸಲಕ್ಕೆ ಒಂದೇ ಬದಲಾವಣೆ

ಮಲೆನಾಡು, ಕೊಡಗಿನ ಕಡೆಯವರಿಗೆ ಕೇಪಿನ ಕೋವಿ ಗೊತ್ತು. ನಳಿಗೆಯ ಬಾಯಿಂದ ಮದ್ದು ಸುರಿಯಬೇಕು, ಅದರ ಮೇಲೆ ಕತ್ತ ತುರುಕಬೇಕು, ಗಜದಿಂದ ಜಡಿಯಬೇಕು, ಚರೆ ಹಾಕಿ ಮತ್ತೆ ಕತ್ತ ಜಡಿಯಬೇಕು, ಕೊನೆಗೆ ಕೇಪು ಕೂರಿಸಬೇಕು. ಒಂದೊಂದು ಈಡೂ ಕೈಯಲ್ಲೇ ತಯಾರಾಗಬೇಕು. ಮದ್ದು ಎಷ್ಟು, ಎಷ್ಟು ಬಿಗಿಯಾಗಿ ಜಡಿಯಬೇಕು ಅನ್ನುವುದು ಆ ಕೋವಿಯ ಯಜಮಾನನಿಗೆ ಮಾತ್ರ ಗೊತ್ತಿರುತ್ತಿತ್ತು. ಪಕ್ಕದ ಮನೆಯ ಕೋವಿಗೆ ಅದೇ ಲೆಕ್ಕ ನಡೆಯುತ್ತಿರಲಿಲ್ಲ.

ಅಮೆರಿಕದಲ್ಲಿ ಹ್ಯಾಂಡ್‌ಲೋಡಿಂಗ್ ಅಂತ ಕರೆಯುವ ಕೆಲಸವೂ ಇದೇ ಜಾತಿಯದು. ಅಂಗಡಿಯ ತೋಟೆ ಕೊಳ್ಳುವ ಬದಲು ಕೇಸು (ತೋಟೆಯ ಹಿತ್ತಾಳೆ ಕೊಳವೆ), ಪ್ರೈಮರ್ (ಮದ್ದಿಗೆ ಬೆಂಕಿ ಹೊತ್ತಿಸುವ ಪುಟ್ಟ ಬಟ್ಟಲು), ಮದ್ದು, ಗುಂಡು ನಾಲ್ಕನ್ನೂ ಬೇರೆ ಬೇರೆ ತಂದು, ನಮ್ಮ ರೈಫಲ್‌ಗೆ ಹೊಂದುವ ಹಾಗೆ ನಾವೇ ಜೋಡಿಸುವುದು. ವ್ಯತ್ಯಾಸ ಇಷ್ಟೇ: ಇಲ್ಲಿ ಅಳತೆ ಇಂಚಿನ ಸಾವಿರದ ಒಂದು ಭಾಗದಲ್ಲಿ ನಡೆಯುತ್ತದೆ. ಪೀಣ್ಯದ ಲೇತ್ ಮುಂದೆ ನಿಂತವರು ಇದನ್ನು 'ಥೌ' ಅನ್ನುತ್ತಾರಲ್ಲ, ಅದೇ. ಈ ಲೇಖನದಲ್ಲಿ ನಾನೂ ಹಾಗೇ ಬರೆಯುತ್ತೇನೆ.

ನಾನು ಪೆನ್ಸಿಲ್ವೇನಿಯಾದಲ್ಲಿದ್ದೇನೆ. ನನ್ನ ಕೈಯಲ್ಲಿರುವುದು ರೆಮಿಂಗ್‌ಟನ್ 722 ಆಕ್ಷನ್ (ತೋಟೆಯ ಹಿಂದೆ ಮುಚ್ಚುವ ಬೋಲ್ಟ್ ಕೂರುವ ಭಾಗ) ಮೇಲೆ ಕಟ್ಟಿದ, ದಪ್ಪ ನಳಿಗೆಯ, ವಾಲ್ನಟ್ ಮರದ ಹಿಡಿಯ ರೈಫಲ್. ಚೇಂಬರ್, ಅಂದರೆ ತೋಟೆ ಕೂರುವ ಗೂಡು, 222 ರೆಮಿಂಗ್‌ಟನ್ ಅನ್ನುವ ತೋಟೆಗೆ ಕೊರೆದದ್ದು. ಮೇಲೆ ಉದ್ದನೆಯ ಹಳೇ ಯೂನರ್ಟಲ್ ದುರ್ಬೀನು. 1950ರ ದಶಕದಲ್ಲಿ ಬೆಂಚಿನ ಮೇಲೆ ಕೂತು ಕಾಗದಕ್ಕೆ ಹೊಡೆಯುತ್ತಿದ್ದವರ ಬಳಿ ಹೆಚ್ಚುಕಡಿಮೆ ಇಂಥದ್ದೇ ಇರುತ್ತಿತ್ತು. ಬೆಂಚ್‌ರೆಸ್ಟ್ ಅಂದರೆ ಇದೇ ಆಟ: ರೈಫಲನ್ನು ಬೆಂಚಿನ ಮೇಲೆ ಮರಳುಚೀಲಕ್ಕೆ ಒರಗಿಸಿ, ಈಡುಗಳನ್ನು ಆದಷ್ಟು ಒತ್ತೊತ್ತಾಗಿ ಕಾಗದಕ್ಕೆ ಹೊಡೆಯುವುದು. ಇಂಥ ರೈಫಲ್ ನಿಮಗೂ ಸಿಕ್ಕಿದ್ದರೆ, ಅದಕ್ಕೆ ಒಗ್ಗುವ ತೋಟೆ ಹುಡುಕುವುದು ಹೇಗೆ ಅಂತ ಮೊದಲಿಂದ ಹೇಳುತ್ತೇನೆ.

ಮೊದಲು ಕಾನೂನು

ಇದನ್ನು ಓದಿ ಊರಲ್ಲಿ ಯಾರೂ ಕೈ ಹಾಕಬೇಡಿ. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ. ಕೋವಿಗೆ ಲೈಸೆನ್ಸ್ ಇದೆ ಅಂದ ಮಾತ್ರಕ್ಕೆ ತೋಟೆ ತಯಾರಿಸಲು ಅನುಮತಿ ಇದೆ ಅಂತಲ್ಲ. ಕೊಡಗಿನವರಿಗಿರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ ಸಂಬಂಧಪಟ್ಟದ್ದು, ತೋಟೆ ತಯಾರಿಸುವುದಕ್ಕಲ್ಲ.

ಅಮೆರಿಕದಲ್ಲಿ ಸ್ವಂತ ಬಳಕೆಗೆ ತೋಟೆ ತುಂಬಿಕೊಳ್ಳಲು ಫೆಡರಲ್ ಲೈಸೆನ್ಸ್ ಬೇಕಿಲ್ಲ. ಆದರೆ ರಾಜ್ಯ ರಾಜ್ಯಕ್ಕೂ ನಿಯಮ ಬೇರೆ, ನಿಮ್ಮ ರಾಜ್ಯದ್ದನ್ನು ನೋಡಿಕೊಳ್ಳಿ. ಇನ್ನೊಂದು ವಿಷಯ ನಮ್ಮವರಿಗೆ ತುಂಬಾ ಮುಖ್ಯ. ಎಚ್-1ಬಿ ಥರದ ತಾತ್ಕಾಲಿಕ ವೀಸಾದ ಮೇಲೆ ಇರುವವರು ಬಂದೂಕನ್ನಾಗಲಿ ತೋಟೆಯನ್ನಾಗಲಿ ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ನಿಷೇಧಿಸುತ್ತದೆ. ಅವಧಿ ಮುಗಿಯದ ಬೇಟೆ ಲೈಸೆನ್ಸ್ ಇರುವವರಿಗೆ ಮತ್ತು ಇನ್ನು ಕೆಲವು ಸಂದರ್ಭಗಳಿಗೆ ವಿನಾಯಿತಿ ಇದೆ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆ ಇಲ್ಲ. 'ಗೆಳೆಯನ ಜೊತೆ ಸುಮ್ನೆ ರೇಂಜಿಗೆ ಹೋಗಿದ್ದೆ' ಅಂದರೆ ಕಾನೂನು ಕೇಳುವುದಿಲ್ಲ. ಸಂಶಯ ಇದ್ದರೆ ವಕೀಲರನ್ನು ಕೇಳಿ, ಆಮೇಲೆ ಮುಂದುವರಿಯಿರಿ.

222 ಯಾಕೆ

ಈ ತೋಟೆ 1950ರಲ್ಲಿ ಬಂತು. ವಿನ್ಯಾಸ ಮಾಡಿದವರು ರೆಮಿಂಗ್‌ಟನ್ ಕಂಪನಿಯ ಎಂಜಿನಿಯರ್ ಮೈಕ್ ವಾಕರ್. ಅವರು ಸ್ವತಃ ಬೆಂಚ್‌ರೆಸ್ಟ್ ಆಟಗಾರರು, ಹಾಗಾಗಿ ಆಟಕ್ಕೆ ಏನು ಬೇಕು ಅಂತ ಅವರಿಗೆ ಗೊತ್ತಿತ್ತು. ಚಿಕ್ಕ ಕೇಸು, ಕಡಿಮೆ ಒದೆತ, ಉದ್ದನೆಯ ಕತ್ತು (ಕೇಸಿನ ಬಾಯಿಯ ಹತ್ತಿರದ ಕಿರಿದಾದ ಭಾಗ). 222ರ ಕತ್ತು 313 ಥೌ ಉದ್ದ ಇದೆ. ಅದೇ 223 ರೆಮಿಂಗ್‌ಟನ್‌ದು 203 ಥೌ ಅಷ್ಟೇ. ಉದ್ದ ಕತ್ತು ಗುಂಡನ್ನು ನೆಟ್ಟಗೆ ಹಿಡಿದುಕೊಳ್ಳುತ್ತದೆ. 1970ರ ದಶಕದ ನಡುವೆ ಲೂ ಪಾಲ್ಮಿಸಾನೋ ಮತ್ತು ಫೆರಿಸ್ ಪಿಂಡೆಲ್ ಪಿಪಿಸಿ ತೋಟೆಗಳನ್ನು ತರುವ ತನಕ ಬೆಂಚಿನ ಮೇಲೆ 222ರದ್ದೇ ದೊಡ್ಡ ಹೆಸರು. ಇವತ್ತಿನ 6 ಎಂಎಂ ಪಿಪಿಸಿಯ ಮುಂದೆ ಸ್ಪರ್ಧೆಯಲ್ಲಿ ಇದು ನಿಲ್ಲುವುದು ಕಷ್ಟ. ಆದರೆ 100 ಗಜ ದೂರದಲ್ಲಿ ಐದು ಈಡನ್ನು ಅರ್ಧ ಇಂಚಿನೊಳಗೆ ಮತ್ತೆ ಮತ್ತೆ ಇಡುವ ತಾಕತ್ತು ಒಳ್ಳೇ ಹಳೇ 222ಕ್ಕೆ ಖಂಡಿತ ಇದೆ. ನಮ್ಮ ಗುರಿಯೂ ಅದೇ.

ಮದ್ದಿನ ಡಬ್ಬ ತೆಗೆಯುವ ಮುಂಚೆ ರೈಫಲ್ ನೋಡಿ

ಹೊಸಬರು ಎಡವುವುದು ಇಲ್ಲೇ. ರೈಫಲ್‌ನ ಸ್ಕ್ರೂ ಸಡಿಲ ಇರುತ್ತದೆ, ಇವರು ಮದ್ದಿನ ತೂಕ ಬದಲಿಸುತ್ತಾ ಕೂತಿರುತ್ತಾರೆ.

ಮೊದಲು ಒಬ್ಬ ಗನ್‌ಸ್ಮಿತ್ ಹತ್ತಿರ ಒಯ್ದು ಹೆಡ್‌ಸ್ಪೇಸ್, ಅಂದರೆ ಮುಚ್ಚಿದ ಬೋಲ್ಟಿನ ಮುಖಕ್ಕೂ ಚೇಂಬರಿನಲ್ಲಿ ಕೇಸು ತಡೆದು ನಿಲ್ಲುವ ಜಾಗಕ್ಕೂ ಇರುವ ಅಂತರ, ಪರೀಕ್ಷೆ ಮಾಡಿಸಿ. ಬೋರ್‌ಸ್ಕೋಪ್ ಹಾಕಿ ನಳಿಗೆಯ ಗಂಟಲು, ಅಂದರೆ ರೈಫಲಿಂಗ್ ಗೆರೆ ಶುರುವಾಗುವ ಜಾಗ, ಎಷ್ಟು ಸವೆದಿದೆ ಅಂತ ನೋಡಿಸಿ. ನಳಿಗೆಯ ತುದಿಯ ಅಂಚಿನಲ್ಲಿ ಪೆಟ್ಟು ಬಿದ್ದಿದೆಯಾ? ಗುಂಡು ಕೊನೆಯದಾಗಿ ಮುಟ್ಟಿ ಹೋಗುವ ಜಾಗ ಅದು. ಅಲ್ಲಿ ಒಂದು ಸಣ್ಣ ಕಚ್ಚು ಇದ್ದರೂ ಗ್ರೂಪು, ಅಂದರೆ ಕಾಗದದ ಮೇಲೆ ಬಿದ್ದ ತೂತುಗಳ ಗುಂಪು, ಹರಡುತ್ತದೆ.

ಆಮೇಲೆ ಹಳೇ ತಾಮ್ರ, ಮಸಿ ಎಲ್ಲ ಹೋಗುವ ಹಾಗೆ ನಳಿಗೆ ತೊಳೆಯಿರಿ. ಹಳೇ ರೈಫಲ್‌ಗಳಲ್ಲಿ ದಶಕಗಳ ತಾಮ್ರ ಕೂತಿರುತ್ತದೆ. ನನ್ನದಕ್ಕೆ ಮೂರು ಸಂಜೆ ಬೇಕಾಯಿತು. ಬಟ್ಟೆ ನೀಲಿ ಬಣ್ಣ ಬಿಡುವುದು ನಿಲ್ಲುವ ತನಕ ಬಿಡಬೇಡಿ.

ಹಳೇ ದುರ್ಬೀನಿನ ಬಗ್ಗೆಯೂ ಎರಡು ಮಾತು. ಯೂನರ್ಟಲ್ ಥರದವಕ್ಕೆ ಹೊಂದಾಣಿಕೆ ಒಳಗಿಲ್ಲ, ಹೊರಗಿನ ಮೌಂಟಿನಲ್ಲಿರುತ್ತದೆ. ಈಡು ಹೊಡೆದಾಗ ಇಡೀ ಕೊಳವೆ ಮೌಂಟಿನೊಳಗೆ ಜಾರುತ್ತದೆ. ಹಿಂದಕ್ಕೆ ತರುವ ಸ್ಪ್ರಿಂಗ್ ಇಲ್ಲದಿದ್ದರೆ ಪ್ರತಿ ಈಡಿನ ನಂತರ ಕೈಯಿಂದಲೇ ಎಳೆದು ಮೊದಲಿನ ಜಾಗಕ್ಕೆ ತರಬೇಕು. ಮರೆತರೆ ಮುಂದಿನ ಈಡು ಬೇರೆಲ್ಲೋ ಹೋಗುತ್ತದೆ, ತಪ್ಪು ಮಾತ್ರ ಮದ್ದಿನ ತಲೆಗೆ ಬರುತ್ತದೆ. ಮೌಂಟಿನ ಎರಡು ಬೇಸ್‌ಗಳ ನಡುವೆ 7.2 ಇಂಚು ಇದ್ದರೆ ಒಂದು ಕ್ಲಿಕ್‌ಗೆ ಕೋನದ ಲೆಕ್ಕದಲ್ಲಿ ಕಾಲು ಮಿನಿಟ್, ಅಂದರೆ 100 ಗಜದಲ್ಲಿ ಸುಮಾರು ಕಾಲು ಇಂಚು. ಬೇಸ್‌ಗಳ ಅಂತರ ಬೇರೆ ಇದ್ದರೆ ಕ್ಲಿಕ್ಕಿನ ಲೆಕ್ಕವೂ ಬದಲಾಗುತ್ತದೆ.

ಇಷ್ಟಾದ ಮೇಲೆ ಅಂಗಡಿಯ ತೋಟೆ ಎರಡು ಡಬ್ಬ ಹೊಡೆಯಿರಿ. ಅದು ಎಷ್ಟು ದೊಡ್ಡ ಗ್ರೂಪು ಕೊಡುತ್ತದೆ ಅಂತ ಬರೆದಿಡಿ. ಮುಂದೆ ನೀವು ಮಾಡುವುದೆಲ್ಲ ಆ ಅಂಕಿಗಿಂತ ಚೆನ್ನಾಗಿರಬೇಕು. ಖಾಲಿ ಕೇಸುಗಳೂ ಉಳಿಯುತ್ತವೆ. ಆದರೆ ಈ ಹೆಜ್ಜೆಗೆ ಮುಂಚೆ ಇನ್ನೊಂದು ಪರೀಕ್ಷೆ ಆಗಲೇಬೇಕು.

ಕತ್ತಿನ ಲೆಕ್ಕ: ಇದನ್ನು ಬಿಟ್ಟು ಓದಬೇಡಿ

ಹಳೇ ಬೆಂಚ್‌ರೆಸ್ಟ್ ರೈಫಲ್‌ಗಳಲ್ಲಿ ಅಪಾಯ ಅಡಗಿರುವುದು ಇಲ್ಲೇ. ಅಂದಿನ ಗನ್‌ಸ್ಮಿತ್‌ಗಳು ಎಷ್ಟೋ ಸಲ ಚೇಂಬರಿನ ಕತ್ತನ್ನು ಬೇಕಂತಲೇ ಬಿಗಿ ಇಡುತ್ತಿದ್ದರು. ಕೇಸಿನ ಕತ್ತನ್ನು ಕೈಯಲ್ಲಿ ಕಡೆದು ತೆಳ್ಳಗೆ ಮಾಡಿಕೊಂಡು, ಚೇಂಬರಿಗೆ ಅಚ್ಚುಕಟ್ಟಾಗಿ ಕೂರುವ ಹಾಗೆ ಮಾಡುವುದು ಅವರ ಪದ್ಧತಿ. ಅಂಥ ಚೇಂಬರಿಗೆ ಅಂಗಡಿಯ ತೋಟೆ ಹಾಕಿದರೆ ಕತ್ತು ಹಿಗ್ಗಲು ಜಾಗ ಇರುವುದಿಲ್ಲ. ಗುಂಡು ಬಿಡುಗಡೆಯಾಗುವುದಿಲ್ಲ. ಒಳಗಿನ ಒತ್ತಡ ಏರುತ್ತದೆ, ಆಕ್ಷನ್ ಒಡೆಯಬಹುದು, ಕಣ್ಣು ಹೋಗಬಹುದು.

ನಳಿಗೆಯ ಮೇಲೆ ಚೇಂಬರಿನ ಹತ್ತಿರ ಏನಾದರೂ ಅಂಕಿ ಕೆತ್ತಿದ್ದಾರಾ ನೋಡಿ. ಮೂರಂಕಿಯ ಒಂದು ಸಂಖ್ಯೆ ಇದ್ದರೆ ಅದು ಸಾಮಾನ್ಯವಾಗಿ ಕತ್ತಿನ ವ್ಯಾಸ, ಥೌ ಲೆಕ್ಕದಲ್ಲಿ. ಅಂಕಿ ಇಲ್ಲ ಅಂದ ಮಾತ್ರಕ್ಕೆ ಕತ್ತು ಬಿಗಿ ಇಲ್ಲ ಅಂತ ಅಲ್ಲ. ಗನ್‌ಸ್ಮಿತ್ ಹತ್ತಿರ ಚೇಂಬರಿನ ಅಚ್ಚು ತೆಗೆಸಿ. ಅವರು ಕಡಿಮೆ ಶಾಖಕ್ಕೆ ಕರಗುವ ಲೋಹ ಸುರಿದು ಚೇಂಬರಿನ ಅಚ್ಚನ್ನು ಹೊರತೆಗೆಯುತ್ತಾರೆ, ಅದನ್ನು ಮೈಕ್ರೋಮೀಟರಿನಲ್ಲಿ ಅಳೆಯಬಹುದು. ತುಂಬಿದ ತೋಟೆಯ ಕತ್ತಿನ ಹೊರವ್ಯಾಸ ಚೇಂಬರಿನ ಕತ್ತಿಗಿಂತ ಕನಿಷ್ಠ 2 ಥೌ ಕಡಿಮೆ ಇರಲಿ. ಸ್ಪರ್ಧಿಗಳು ಇದಕ್ಕಿಂತ ಬಿಗಿ ಇಡುತ್ತಾರೆ, ನಮಗೆ ಅದು ಬೇಡ.

ಅಚ್ಚಿನ ಅಳತೆ ಸರಿ ಇದೆ ಅಂತ ಗೊತ್ತಾಗಿ, ಈಡು ಹೊಡೆದ ಮೇಲೆ ಮಾಡುವ ಒಂದು ಸುಲಭದ ಪರೀಕ್ಷೆಯೂ ಇದೆ. ನಿಮ್ಮ ರೈಫಲ್‌ನಲ್ಲಿ ಹೊಡೆದ ಕೇಸು ತಗೊಳ್ಳಿ, ಬಾಯಿ ಸುಕ್ಕಾಗಿಲ್ಲದ್ದು. ಹೊಸ ಗುಂಡನ್ನು ಬೆರಳಲ್ಲೇ ಅದರ ಬಾಯಿಗೆ ಬಿಡಿ. ಸಲೀಸಾಗಿ ಜಾರಿ ಒಳಗೆ ಹೋದರೆ ಸರಿ. ಹೋಗದೆ ಹಿಡಿದುಕೊಂಡರೆ ಅಲ್ಲಿಗೆ ನಿಲ್ಲಿಸಿ. ಕತ್ತು ಕಡೆಯದೆ ಮುಂದೆ ಹೋಗುವ ಹಾಗಿಲ್ಲ.

ಕೇಸು

ಒಂದೇ ಕಂಪನಿಯ, ಒಂದೇ ಲಾಟಿನ 50 ಕೇಸು ಸಾಕು. ಲಾಪುವಾ ಕಂಪನಿಯ 222 ಕೇಸು ಸಿಕ್ಕರೆ ಒಳ್ಳೆಯದು. ಆ 50ನ್ನು ಈ ರೈಫಲ್‌ಗೆ ಮಾತ್ರ ಇಟ್ಟುಕೊಳ್ಳಿ. ಡಬ್ಬದ ಹೆಸರು ಎರಡು ಸಲ ಓದಿ: 222 ರೆಮಿಂಗ್‌ಟನ್ ಬೇರೆ, 222 ರೆಮಿಂಗ್‌ಟನ್ ಮ್ಯಾಗ್ನಮ್ ಬೇರೆ.

ಕೇಸಿನ ಗರಿಷ್ಠ ಉದ್ದ 1.700 ಇಂಚು. ಎಲ್ಲವನ್ನೂ 1.690ಕ್ಕೆ ಕತ್ತರಿಸಿ ಸಮ ಮಾಡಿ, ಬಾಯಿಯ ಒಳಹೊರಗಿನ ಚೂಪು ತೆಗೆಯಿರಿ. ಪ್ರೈಮರ್ ಗುಂಡಿಯ ತಳದ ತೂತಿಗೆ ಒಳಗಡೆ ಚೂರು ಅಂಟಿಕೊಂಡಿದ್ದರೆ ಅದನ್ನೂ ಕೆರೆದು ತೆಗೆಯಿರಿ. ಇದು ಕೇಸಿನ ಆಯುಷ್ಯಕ್ಕೆ ಒಂದೇ ಸಲದ ಕೆಲಸ. ಬೇಜಾರಿನ ಕೆಲಸ ಹೌದು, ಆದರೆ ರೇಡಿಯೋ ಹಾಕಿಕೊಂಡು ಕೂತರೆ ಒಂದು ಭಾನುವಾರದಲ್ಲಿ ಮುಗಿಯುತ್ತದೆ.

ಒಮ್ಮೆ ಹೊಡೆದ ಮೇಲೆ ಕೇಸು ನಿಮ್ಮ ಚೇಂಬರಿನ ಆಕಾರಕ್ಕೆ ಹಿಗ್ಗಿರುತ್ತದೆ. ಅದನ್ನು ಪೂರ್ತಿ ಹಿಂದಕ್ಕೆ ಕುಗ್ಗಿಸುವ ಅಗತ್ಯ ಇಲ್ಲ. ಭುಜವನ್ನು, ಅಂದರೆ ಕತ್ತಿನ ಕೆಳಗಿನ ಇಳಿಜಾರು ಭಾಗವನ್ನು, 1 ಅಥವಾ 2 ಥೌ ಹಿಂದಕ್ಕೆ ತಳ್ಳಿದರೆ ಸಾಕು, ಬೋಲ್ಟ್ ಹಗುರಾಗಿ ಮುಚ್ಚುತ್ತದೆ. ಹಳಬರು ಕತ್ತನ್ನು ಮಾತ್ರ ಕುಗ್ಗಿಸುತ್ತಿದ್ದರು. ವಾಷಿಂಗ್ಟನ್ ರಾಜ್ಯದ ಎಲ್.ಇ. ವಿಲ್ಸನ್ ಕಂಪನಿಯ ಕೈ ಡೈ (ಕೇಸು ಕುಗ್ಗಿಸುವ, ಗುಂಡು ಕೂರಿಸುವ ಅಚ್ಚು) ಮತ್ತು ಅದನ್ನು ಒತ್ತುವ ಪುಟ್ಟ ಆರ್ಬರ್ ಪ್ರೆಸ್ ಇಟ್ಟುಕೊಂಡು ರೇಂಜಿನ ಮೇಜಿನ ಮೇಲೇ ತೋಟೆ ತುಂಬುವವರು ಇವತ್ತೂ ಇದ್ದಾರೆ. ನನಗೂ ಆ ದಾರಿ ಇಷ್ಟ. ಆದರೆ ನಾಲ್ಕೈದು ಸಲ ಹೊಡೆದ ಮೇಲೆ ಬೋಲ್ಟ್ ಬಿಗಿಯಾಗತೊಡಗಿದರೆ ಭುಜವನ್ನೂ ತಳ್ಳಲೇಬೇಕು. ಗಟ್ಟಿಯಾದ ಬೋಲ್ಟನ್ನು ಒತ್ತಿ ಮುಚ್ಚುವಾಗ ರೈಫಲ್ ಮರಳುಚೀಲದ ಮೇಲೆ ಅಲುಗುತ್ತದೆ, ಗುರಿ ಕೆಡುತ್ತದೆ.

ಗುಂಡನ್ನು ಕತ್ತು ಹಿಡಿಯುವ ಬಿಗಿ 1ರಿಂದ 2 ಥೌ ಇರಲಿ. ಅದಕ್ಕಿಂತ ಮುಖ್ಯ, ಐವತ್ತರಲ್ಲೂ ಅಷ್ಟೇ ಇರಲಿ. ಗುಂಡು ಕೂರಿಸುವಾಗ ಕೈಗೆ ಗೊತ್ತಾಗುತ್ತದೆ. ಒಂದು ಸಲೀಸಾಗಿ ಹೋಗಿ, ಇನ್ನೊಂದು ಬಿಗಿಯಾಗಿ ಹೋದರೆ ಅವೆರಡನ್ನೂ ಪಕ್ಕಕ್ಕಿಡಿ, ಪರೀಕ್ಷೆಗೆ ಬೇಡ.

ಗುಂಡು ಆರಿಸುವುದು

ಹಳೇ 222 ನಳಿಗೆಗಳ ತಿರುಪು 14 ಇಂಚಿಗೆ ಒಂದು ಸುತ್ತು. ನಿಧಾನದ ತಿರುಪು ಇದು. ಉದ್ದನೆಯ ಗುಂಡನ್ನು ಇದು ನೆಟ್ಟಗೆ ತಿರುಗಿಸಲಾರದು. ಹಾಗಾಗಿ 50ರಿಂದ 53 ಗ್ರೇನ್ ತೂಕದ, ಚಪ್ಪಟೆ ತಳದ ಗುಂಡು ನೋಡಿ. ಸಿಯೆರಾ ಕಂಪನಿಯ 53 ಗ್ರೇನ್ ಮ್ಯಾಚ್‌ಕಿಂಗ್, ಬರ್ಗರ್‌ನ 52 ಗ್ರೇನ್ ಚಪ್ಪಟೆ ತಳದ್ದು ಈ ಕೆಲಸಕ್ಕೆ ಒಗ್ಗುತ್ತವೆ. ದೋಣಿ ಬಾಲದ, ಅಂದರೆ ತಳ ಕಿರಿದಾಗುತ್ತಾ ಹೋಗುವ ಗುಂಡು ದೂರದ ಗುರಿಗೆ ಒಳ್ಳೆಯದು. 100, 200 ಗಜಕ್ಕೆ ಅದರ ಲಾಭ ಸಿಗುವುದಿಲ್ಲ. ಹೊಸ ಕಾಲದ ಉದ್ದ ಮೂಗಿನ ಭಾರದ ಗುಂಡು ಈ ನಳಿಗೆಯಿಂದ ಹೊರಟರೆ ಕಾಗದದಲ್ಲಿ ದುಂಡು ತೂತಿನ ಬದಲು ಅಡ್ಡ ಮಲಗಿದ ತೂತು ಬೀಳುತ್ತದೆ.

ಎರಡು ಬಗೆ ಕೊಂಡುಕೊಳ್ಳಿ, ಆರು ಬಗೆ ಬೇಡ. ಆರಿಸುತ್ತಾ ಹೋದರೆ ನಳಿಗೆ ಸವೆಯುತ್ತದೆ, ಉತ್ತರ ಸಿಗುವುದಿಲ್ಲ.

ಮದ್ದು ಮತ್ತು ಪ್ರೈಮರ್

ಇಲ್ಲಿ ಎಷ್ಟು ಗ್ರೇನ್ ಹಾಕಬೇಕು ಅಂತ ನಾನು ಬರೆಯುವುದಿಲ್ಲ. ಮದ್ದಿನ ತೂಕವನ್ನು ಅಂತರ್ಜಾಲದ ಲೇಖನದಿಂದ ತಗೊಳ್ಳುವುದು ತಪ್ಪು ಅಭ್ಯಾಸ. ಬರೆಯುವವರ ಬೆರಳು ಜಾರಿ 1ರ ಜಾಗದಲ್ಲಿ 2 ಬಿದ್ದರೆ ಅನುಭವಿಸುವುದು ನೀವು. ಮದ್ದಿನ ಕಂಪನಿಯವರು ಮತ್ತು ಗುಂಡಿನ ಕಂಪನಿಯವರು ಪ್ರಯೋಗಶಾಲೆಯಲ್ಲಿ ಒತ್ತಡ ಅಳೆದು ಕೈಪಿಡಿ ಹೊರತರುತ್ತಾರೆ. ಈಗಿನ ಎರಡು ಕೈಪಿಡಿ ತನ್ನಿ. ಎರಡರಲ್ಲಿ ಯಾವುದು ಕಡಿಮೆ ಹೇಳುತ್ತದೋ ಅಲ್ಲಿಂದ ಶುರು ಮಾಡಿ.

222ಕ್ಕೆ ಹಳೇ ಕಾಲದಿಂದ ಹೆಸರಾದ ಮದ್ದು ಐಎಂಆರ್ 4198. ಅದರ ಕಡ್ಡಿಗಳು ಉದ್ದ. ಅಳತೆ ಡಬ್ಬದಿಂದ ಇಳಿಯುವಾಗ ಕಟಕಟ ಸದ್ದು ಮಾಡುತ್ತಾ ಸಿಕ್ಕಿಕೊಳ್ಳುತ್ತವೆ. ಹಾಡ್ಜ್‌ಡನ್ ಕಂಪನಿಯ ಎಚ್322 ಸಣ್ಣ ಕಡ್ಡಿಯದು, ಸರಾಗವಾಗಿ ಇಳಿಯುತ್ತದೆ. ಇನ್ನೊಂದು ಎಚ್ಚರಿಕೆ: ಐಎಂಆರ್ 4198 ಮತ್ತು ಎಚ್4198 ಎರಡರಲ್ಲೂ ಅದೇ ಅಂಕಿ ಇದೆ, ಆದರೆ ಅವು ಬೇರೆ ಬೇರೆ ಮದ್ದು. ಒಂದರ ಲೆಕ್ಕವನ್ನು ಇನ್ನೊಂದಕ್ಕೆ ಬಳಸಬೇಡಿ.

ಮೇಜಿನ ಮೇಲೆ ಯಾವಾಗಲೂ ಒಂದೇ ಮದ್ದಿನ ಡಬ್ಬ ಇರಲಿ. ಕೆಲಸ ಮುಗಿದ ಕೂಡಲೇ ಉಳಿದ ಮದ್ದು ಅದೇ ಡಬ್ಬಕ್ಕೆ ವಾಪಸ್. ಅಳತೆ ಡಬ್ಬದಲ್ಲಿ ರಾತ್ರಿಯಿಡೀ ಬಿಡಬೇಡಿ. ಬೆಳಗ್ಗೆ ಅದು ಯಾವ ಮದ್ದು ಅಂತ ಒಂದು ಕ್ಷಣ ಅನುಮಾನ ಬಂದರೂ ಚೆಲ್ಲಿಬಿಡಿ. ಬೀಡಿ ಸಿಗರೇಟು, ಬೆಂಕಿ, ಮಕ್ಕಳು, ಫೋನು ಇವು ನಾಲ್ಕೂ ಆ ಕೋಣೆಯಿಂದ ಹೊರಗಿರಲಿ. ಕಣ್ಣಿಗೆ ಕನ್ನಡಕ ಇರಲಿ.

ಪ್ರೈಮರ್ ಅಂದರೆ ನಮ್ಮ ಕೇಪಿನ ತಮ್ಮ. ಸಣ್ಣ ರೈಫಲ್ ಪ್ರೈಮರ್ ಬೇಕು. ಸಿಸಿಐ ಬಿಆರ್-4, ಫೆಡರಲ್ 205ಎಂ, ರೆಮಿಂಗ್‌ಟನ್ 7½ ಮೂರೂ ಬೆಂಚ್‌ರೆಸ್ಟ್ ಆಟಗಾರರು ಬಳಸುವಂಥವು. ಒಂದನ್ನು ಆರಿಸಿ ಅದಕ್ಕೇ ಅಂಟಿಕೊಳ್ಳಿ. ಪ್ರೈಮರ್ ಬದಲಾದರೆ ಒತ್ತಡವೂ ಬದಲಾಗುತ್ತದೆ, ಮದ್ದನ್ನು ಮತ್ತೆ ಕೆಳಗಿನಿಂದ ಶುರು ಮಾಡಬೇಕಾಗುತ್ತದೆ. ಕೈ ಸಾಧನದಲ್ಲಿ ಕೂರಿಸಿದರೆ ಗುಂಡಿಯ ತಳ ಮುಟ್ಟಿದ್ದು ಬೆರಳಿಗೆ ತಿಳಿಯುತ್ತದೆ. ಪ್ರೈಮರನ್ನು ಅದರ ಸ್ವಂತ ಡಬ್ಬದಲ್ಲೇ ಇಡಿ, ಬಾಟಲಿಗೆ ಸುರಿದಿಡಬೇಡಿ.

ತೂಕದ ಬಗ್ಗೆ. ಒಂದು ಗ್ರೇನ್ ಅಂದರೆ ಸುಮಾರು 65 ಮಿಲಿಗ್ರಾಂ, 7000 ಗ್ರೇನ್‌ಗೆ ಒಂದು ಪೌಂಡ್. ತಕ್ಕಡಿಯನ್ನು ಪ್ರತಿ ಸಲ ಪರೀಕ್ಷಾ ತೂಕ ಇಟ್ಟು ಸರಿ ನೋಡಿ. ಹಳೇ ಬೆಂಚ್‌ರೆಸ್ಟಿನವರು ರೇಂಜಿನಲ್ಲಿ ತೂಗುತ್ತಿರಲಿಲ್ಲ. ಹೋಮರ್ ಕಲ್ವರ್ ಅವರು ಲೈಮನ್ 55 ಅಳತೆ ಡಬ್ಬಕ್ಕೆ ಕ್ಲಿಕ್ ಇರುವ ಭಾಗ ಜೋಡಿಸಿದರು. ಆಟಗಾರರು ಮದ್ದನ್ನು ಗ್ರೇನ್ ಲೆಕ್ಕದಲ್ಲಿ ಅಲ್ಲ, ಕ್ಲಿಕ್ ಲೆಕ್ಕದಲ್ಲೇ ಹೇಳತೊಡಗಿದರು. ಕೈ ಪಳಗಿದ ಮೇಲೆ ನೀವೂ ಹಾಗೆ ಮಾಡಬಹುದು. ಹಿಡಿಯನ್ನು ಪ್ರತಿ ಸಲ ಒಂದೇ ವೇಗದಲ್ಲಿ, ಒಂದೇ ಪೆಟ್ಟಿನಲ್ಲಿ ಎತ್ತಿ ಇಳಿಸುವುದೇ ಅದರ ಗುಟ್ಟು. ಪರೀಕ್ಷೆಯ ಹಂತದಲ್ಲಿ ಮಾತ್ರ ಪ್ರತಿಯೊಂದನ್ನೂ ತೂಗಿ.

ಮದ್ದು ಹಾಕಿದ ಕೇಸುಗಳನ್ನು ಮರದ ಹಲಗೆಯ ತೂತುಗಳಲ್ಲಿ ನಿಲ್ಲಿಸಿ, ಟಾರ್ಚ್ ಬಿಟ್ಟು ಎಲ್ಲದರ ಒಳಗೂ ನೋಡಿ. ಮಟ್ಟ ಒಂದೇ ಇರಬೇಕು. ಈ ಕೇಸಿನಲ್ಲಿ 4198 ಎರಡು ಸಲ ಬಿದ್ದರೆ ಬಾಯಿಂದ ಚೆಲ್ಲಿ ತಾನೇ ಗೊತ್ತಾಗುತ್ತದೆ. ಅರ್ಧ ಬಿದ್ದದ್ದು, ಬೀಳದೇ ಇದ್ದದ್ದು ಟಾರ್ಚ್ ಇಲ್ಲದೆ ಕಾಣುವುದಿಲ್ಲ. ಪ್ರೈಮರ್ ಮಾತ್ರ ಸಿಡಿದು ಗುಂಡು ನಳಿಗೆಯ ನಡುವೆ ನಿಂತು, ಅದರ ಹಿಂದೆ ಇನ್ನೊಂದು ಈಡು ಹೊಡೆದರೆ ನಳಿಗೆ ಹೋಯಿತು ಅಂತಲೇ ಲೆಕ್ಕ.

ಗುಂಡು ಕೂರಿಸುವ ಆಳ

ಗುಂಡು ಕೇಸಿನಿಂದ ಹೊರಟು ರೈಫಲಿಂಗ್ ಗೆರೆ ಮುಟ್ಟುವ ಮೊದಲು ಸ್ವಲ್ಪ ದೂರ ಹಾರುತ್ತದೆ. ಈ ಹಾರಿಕೆ ಎಷ್ಟಿರಬೇಕು ಅನ್ನುವುದು ರೈಫಲ್ ರೈಫಲ್‌ಗೂ ಬೇರೆ. ಹಳೇ ನಳಿಗೆಯ ಗಂಟಲು ಸವೆದಿದ್ದರೆ ಗೆರೆ ಮುಂದಕ್ಕೆ ಹೋಗಿರುತ್ತದೆ. ಕೈಪಿಡಿಯಲ್ಲಿರುವ 2.130 ಇಂಚಿನ ಗರಿಷ್ಠ ಉದ್ದ ಎಲ್ಲರಿಗೂ ಹೊಂದುವ ಅಳತೆ, ನಿಮ್ಮ ನಳಿಗೆಗಂತ ಹೇಳಿದ್ದಲ್ಲ.

ಗೆರೆ ಎಲ್ಲಿದೆ ಅಂತ ಅಳೆಯುವ ಸಾಧನ ಸಿಗುತ್ತದೆ. ಅದರಲ್ಲಿ ಐದು ಸಲ ಅಳೆದು ಸರಾಸರಿ ತಗೊಳ್ಳಿ. ತೋಟೆಯ ಉದ್ದವನ್ನು ಗುಂಡಿನ ಮೂಗಿನಿಂದ ಅಳೆಯಬೇಡಿ, ಮೂಗುಗಳು ಒಂದರ ಹಾಗೆ ಒಂದಿರುವುದಿಲ್ಲ. ಗುಂಡಿನ ಭುಜದ ಮೇಲೆ ಕೂರುವ ಕಂಪ್ಯಾರೇಟರ್ ಬಳಸಿ.

ಶುರುವಿನಲ್ಲಿ ಗೆರೆಗೆ 20 ಥೌ ದೂರ ಇಡಿ. ಮದ್ದಿನ ಪರೀಕ್ಷೆ ಪೂರ್ತಿ ಇದೇ ಆಳದಲ್ಲಿ ನಡೆಯಲಿ. ಹಳೇ ಆಟಗಾರರು ಗುಂಡನ್ನು ಗೆರೆಗೆ ಒತ್ತಿ ಕೂರಿಸುತ್ತಿದ್ದರು, ಅದರಿಂದ ಒಳ್ಳೇ ಫಲವೂ ಸಿಗುತ್ತದೆ. ಆದರೆ ಗುಂಡು ಗೆರೆ ಮುಟ್ಟಿದ ಕೂಡಲೇ ಒತ್ತಡ ಏರುತ್ತದೆ. ಆ ದಾರಿಗೆ ಹೋಗುವುದಾದರೆ ಮದ್ದನ್ನು ಮತ್ತೆ ಶುರುವಿನ ತೂಕಕ್ಕೆ ಇಳಿಸಿ, ಅಲ್ಲಿಂದ ಮೇಲೆ ಬನ್ನಿ.

ಬೆಂಚಿನ ಮೇಲೆ

ಕೈಪಿಡಿಯ ಕನಿಷ್ಠ ಮತ್ತು ಗರಿಷ್ಠದ ನಡುವೆ ಐದು ತೂಕ ಆರಿಸಿ. ಇಷ್ಟು ಚಿಕ್ಕ ಕೇಸಿಗೆ 0.3 ಗ್ರೇನ್ ಮೆಟ್ಟಿಲು ಸಾಕು. ಪ್ರತಿ ತೂಕಕ್ಕೆ ಐದು ತೋಟೆ, ಒಟ್ಟು 25. ಬೇರೆಯಾಗಿ ನಳಿಗೆ ಹದ ಮಾಡಲು ಕನಿಷ್ಠ ತೂಕದ ಐದು.

ಮೊದಲು ಕೆಳಗಿನಿಂದ ಮೇಲಕ್ಕೆ ಒಂದೊಂದು ಈಡು ಹೊಡೆದು ಕೇಸನ್ನೂ ವೇಗವನ್ನೂ ನೋಡಿ. ಪ್ರೈಮರ್ ಚಪ್ಪಟೆಯಾಗಿ ಗುಂಡಿಯ ಅಂಚಿಗೆ ಹರಡಿದೆಯಾ, ಬೋಲ್ಟ್ ಎತ್ತಲು ಬಿಗಿಯಾ, ಕೇಸಿನ ತಳದಲ್ಲಿ ಹೊಳೆಯುವ ಗುರುತು ಬಿದ್ದಿದೆಯಾ? ಒಂದು ಕಂಡರೂ ಅಲ್ಲಿಗೆ ನಿಲ್ಲಿಸಿ. ಮೇಲಿನ ತೂಕದ ತೋಟೆಗಳನ್ನು ಮನೆಗೆ ತಂದು ಬಿಚ್ಚಿ. ಇದರಲ್ಲಿ ಹಲವರಿಗೆ ಗೊತ್ತಿಲ್ಲದ ಒಂದು ಮಾತಿದೆ. 222ಕ್ಕೆ ಅಮೆರಿಕದ ಸಾಮಿ (ಬಂದೂಕು, ತೋಟೆ ತಯಾರಕರ ಸಂಘ) ಮಾನದಂಡ ಇಟ್ಟ ಗರಿಷ್ಠ ಒತ್ತಡ 50,000 ಪಿಎಸ್‌ಐ, ಅಂದರೆ ಚದರ ಇಂಚಿಗೆ 50,000 ಪೌಂಡ್. ಕೇಸಿನ ಮೇಲೆ ಕಣ್ಣಿಗೆ ಕಾಣುವ ಗುರುತು ಬೀಳುವ ಹೊತ್ತಿಗೆ ಒತ್ತಡ ಸಾಮಾನ್ಯವಾಗಿ ಅದನ್ನು ದಾಟಿ ಎಷ್ಟೋ ಮೇಲೆ ಹೋಗಿರುತ್ತದೆ. ಗುರುತು ಇಲ್ಲ ಅಂದರೆ ಕ್ಷೇಮ ಅಂತ ಅಲ್ಲ. ಅದಕ್ಕೇ ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್ ಇಡಿ. ಕೈಪಿಡಿ ಗರಿಷ್ಠ ಮದ್ದಿಗೆ ಹೇಳಿದ ವೇಗ ನಿಮಗೆ ಕಡಿಮೆ ಮದ್ದಿನಲ್ಲೇ ಬಂದುಬಿಟ್ಟರೆ, ನಿಮ್ಮ ರೈಫಲ್‌ನ ಗರಿಷ್ಠ ಅದೇ. ಅಂಗಡಿಯ 50 ಗ್ರೇನ್ ತೋಟೆಗೆ ಕಂಪನಿ ಹೇಳುವ ವೇಗ ಸೆಕೆಂಡಿಗೆ 3140 ಅಡಿ. ಅದನ್ನು ಮೀರಿಸುವ ಆಸೆ ಬೇಡ, ಕಾಗದಕ್ಕೆ ವೇಗ ಬೇಕಿಲ್ಲ.

ಉಳಿದ 20ನ್ನು ಸುತ್ತು ಹಾಕುತ್ತಾ ಹೊಡೆಯಿರಿ. ಐದು ಗುರಿ ಕಾಗದ ಅಂಟಿಸಿ, ಮೊದಲ ತೂಕದ ಒಂದು ಮೊದಲ ಕಾಗದಕ್ಕೆ, ಎರಡನೇ ತೂಕದ ಒಂದು ಎರಡನೇ ಕಾಗದಕ್ಕೆ, ಹೀಗೆ ನಾಲ್ಕು ಸುತ್ತು. ಯಾಕೆ ಅಂದರೆ, ನಳಿಗೆ ಬಿಸಿಯಾಗುವುದು, ಮಸಿ ಕಟ್ಟುವುದು, ಗಾಳಿ ಬದಲಾಗುವುದು, ನಿಮಗೆ ಸುಸ್ತಾಗುವುದು ಎಲ್ಲ ಐದು ತೂಕಕ್ಕೂ ಸಮನಾಗಿ ಹಂಚಿಹೋಗುತ್ತದೆ. ಒಂದೇ ತೂಕವನ್ನು ಒಟ್ಟಿಗೆ ಹೊಡೆದರೆ ಕೊನೆಯ ತೂಕಕ್ಕೆ ಬಿಸಿ ನಳಿಗೆ ಸಿಗುತ್ತದೆ, ಅದು ನ್ಯಾಯ ಅಲ್ಲ. ಈಡಿನ ನಡುವೆ ಒಂದು ನಿಮಿಷ ಬಿಡಿ.

ರೈಫಲ್ ಪ್ರತಿ ಸಲ ಮರಳುಚೀಲದ ಅದೇ ಜಾಗಕ್ಕೆ ವಾಪಸ್ ಬರಲಿ. ಹಿಡಿಯ ಮೇಲೆ ಟೇಪಿನ ಗುರುತು ಹಾಕಿಕೊಳ್ಳಿ. ಗುರಿಯ ತನಕ ಎರಡು ಮೂರು ಗಾಳಿ ಬಾವುಟ ನೆಡಿ. ಗಾಳಿಗೆ ಹಾರುವ ಬಣ್ಣದ ಟೇಪನ್ನು ಕೋಲಿಗೆ ಕಟ್ಟಿದರೂ ಸಾಕು. ಬಾವುಟ ಒಂದೇ ರೀತಿ ಇರುವಾಗ ಮಾತ್ರ ಕುದುರೆ (ಟ್ರಿಗರ್) ಎಳೆಯಿರಿ. 50 ಗ್ರೇನಿನ ಹಗುರ ಗುಂಡನ್ನು ಗಾಳಿ 100 ಗಜದಲ್ಲೂ ತಳ್ಳುತ್ತದೆ.

ಕಾಗದ ಓದುವುದು

ಗ್ರೂಪನ್ನು ಅತಿ ದೂರದ ಎರಡು ತೂತಿನ ಹೊರ ಅಂಚಿನಿಂದ ಅಂಚಿಗೆ ಅಳೆದು, ಗುಂಡಿನ ವ್ಯಾಸ 0.224 ಇಂಚು ಕಳೆಯಿರಿ. ನಡುವಿನಿಂದ ನಡುವಿಗೆ ಇರುವ ಅಳತೆ ಸಿಗುತ್ತದೆ.

ಆದರೆ ಗಾತ್ರಕ್ಕಿಂತ ಮೊದಲು ಆಕಾರ ನೋಡಿ. ಮೇಲೆ ಕೆಳಗೆ ಹರಡಿದ್ದರೆ ಮದ್ದು, ಪ್ರೈಮರ್, ಕತ್ತಿನ ಬಿಗಿ ಇವುಗಳನ್ನು ಅನುಮಾನಿಸಿ. ಅಡ್ಡಕ್ಕೆ ಹರಡಿದ್ದರೆ ಸಾಮಾನ್ಯವಾಗಿ ಗಾಳಿ. ಎರಡು ಗುಂಪಾಗಿ ಒಡೆದು ಬಿದ್ದರೆ ಆಕ್ಷನ್ ಮರದಲ್ಲಿ ಸರಿಯಾಗಿ ಕೂತಿಲ್ಲ, ಇಲ್ಲವೇ ದುರ್ಬೀನು ಪ್ರತಿ ಸಲ ಒಂದೇ ಜಾಗಕ್ಕೆ ಮರಳುತ್ತಿಲ್ಲ. ಅಕ್ಕಪಕ್ಕದ ಎರಡು ಮೂರು ತೂಕಗಳು ಕಾಗದದಲ್ಲಿ ಒಂದೇ ಎತ್ತರಕ್ಕೆ ಬಿದ್ದಿದ್ದರೆ ಅವುಗಳ ನಡುವಿನ ತೂಕ ಆರಿಸಿ. ಅಲ್ಲಿ ಮದ್ದು 0.1 ಗ್ರೇನ್ ಆಚೆ ಈಚೆ ಆದರೂ ರೈಫಲ್ ಕ್ಷಮಿಸುತ್ತದೆ.

ಆಮೇಲೆ ಮದ್ದು ಮುಟ್ಟಬೇಡಿ, ಆಳ ಮಾತ್ರ ಬದಲಿಸಿ. 20 ಥೌ ಹಾರಿಕೆಯಿಂದ 15, 10, 5 ಹೀಗೆ. ಪ್ರತಿಯೊಂದಕ್ಕೂ ಐದು ಈಡಿನ ಎರಡು ಗ್ರೂಪು. ಮದ್ದು, ಆಳ, ಪ್ರೈಮರ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ದೇವರಿಗೂ ಗೊತ್ತಾಗುವುದಿಲ್ಲ.

ನನ್ನದೇ ಒಂದು ತಪ್ಪು ಹೇಳುತ್ತೇನೆ. ಮೊದಲ ವರ್ಷ ಒಂದು ಸಂಜೆ ಮೂರು ಈಡು ಒಂದೇ ತೂತಿನಲ್ಲಿ ಹೋದ ಹಾಗೆ ಬಿದ್ದವು. ಖುಷಿಗೆ ಅದೇ ರಾತ್ರಿ ಕೂತು ನೂರು ತೋಟೆ ತುಂಬಿದೆ. ಮುಂದಿನ ಶನಿವಾರ ಅದೇ ತೋಟೆ ಒಂದು ಇಂಚಿನ ಗ್ರೂಪು ಕೊಟ್ಟಿತು. ರೈಫಲ್ ಕೆಟ್ಟಿರಲಿಲ್ಲ. ಮೂರು ಈಡು ನನಗೆ ಏನನ್ನೂ ಹೇಳಿರಲಿಲ್ಲ, ಹೇಳಿತು ಅಂತ ನಾನು ನಂಬಿದ್ದೆ ಅಷ್ಟೇ. ಒಂದೇ ರೈಫಲ್, ಒಂದೇ ತೋಟೆ, ಒಂದೇ ದಿನ ಐದೈದು ಈಡಿನ ಐದು ಗ್ರೂಪು ಹೊಡೆದರೂ ಅತಿ ದೊಡ್ಡದು ಅತಿ ಚಿಕ್ಕದರ ಎರಡರಷ್ಟು ಇರಬಹುದು. ಅದು ಸಹಜ. ಬೆಂಚ್‌ರೆಸ್ಟ್ ಸ್ಪರ್ಧೆಯಲ್ಲಿ ಐದು ಗ್ರೂಪಿನ ಸರಾಸರಿ ನೋಡುವುದು ಇದಕ್ಕೇ. ನೀವೂ ಅದನ್ನೇ ಮಾಡಿ. ಆರಿಸಿದ ತೋಟೆಯನ್ನು ಬೇರೆ ದಿನ, ಐದು ಗ್ರೂಪು ಹೊಡೆದು ಸರಾಸರಿ ತೆಗೆಯಿರಿ. ಚೆನ್ನಾಗಿ ಬಂದ ಒಂದು ಕಾಗದ ಇಟ್ಟುಕೊಂಡು ಉಳಿದ ನಾಲ್ಕು ಹರಿದು ಹಾಕಬೇಡಿ.

ನನ್ನ ರೈಫಲ್ ಈಗ ಸರಾಸರಿ ಅರ್ಧ ಇಂಚಿಗೆ ಸ್ವಲ್ಪ ಕೆಳಗಿದೆ. ಅದಕ್ಕೆ ಎರಡು ಬೇಸಿಗೆ ಹಿಡಿಯಿತು.

ಡಬ್ಬದ ಮೇಲೆ ಬರೆಯುವುದು

ತೋಟೆ ಯಾವುದು ಅಂತ ತೀರ್ಮಾನವಾದ ಮೇಲೆ ಡಬ್ಬದ ಮೇಲೆ ಇಷ್ಟನ್ನೂ ಬರೆದು ಅಂಟಿಸಿ: ತೋಟೆಯ ಹೆಸರು, ಯಾವ ರೈಫಲ್, ಕೇಸಿನ ಕಂಪನಿ ಮತ್ತು ಎಷ್ಟನೇ ಸಲ ತುಂಬಿದ್ದು, ಪ್ರೈಮರ್, ಮದ್ದಿನ ಹೆಸರು, ಲಾಟ್ ನಂಬರ್, ತೂಕ, ಗುಂಡು, ಹಾರಿಕೆ, ತುಂಬಿದ ತಾರೀಖು, ಪರೀಕ್ಷೆ ಮಾಡಿದ ದಿನದ ಬಿಸಿಲು. ಬಿಸಿಲಿನ ವಿಷಯ ಯಾಕೆ ಅಂದರೆ, ಮಾರ್ಚ್ ತಿಂಗಳ ಚಳಿಯಲ್ಲಿ ಗರಿಷ್ಠದ ಹತ್ತಿರ ಇದ್ದ ತೋಟೆ ಜುಲೈ ಬಿಸಿಲಿಗೆ ಗರಿಷ್ಠ ದಾಟಬಹುದು. ಕಾರಿನ ಡಿಕ್ಕಿಯಲ್ಲಿ, ಬಿಸಿಲು ಬೀಳುವ ಬೆಂಚಿನ ಮೇಲೆ ತೋಟೆ ಬಿಡಬೇಡಿ.

ಮದ್ದಿನ ಹೊಸ ಡಬ್ಬ ತಂದಾಗ ಲಾಟ್ ನಂಬರ್ ಬೇರೆ ಇದ್ದರೆ ಒಂದು ಗ್ರೇನ್ ಇಳಿಸಿ ಮತ್ತೆ ಮೆಟ್ಟಿಲು ಹತ್ತಿ. ವರ್ಷಕ್ಕೊಮ್ಮೆ ಗೆರೆಯ ಜಾಗ ಅಳೆಯಿರಿ. ಗಂಟಲು ಸವೆದ ಹಾಗೆ ಅದು ಮುಂದೆ ಸರಿಯುತ್ತದೆ, ಗುಂಡನ್ನೂ ಅಷ್ಟೇ ಮುಂದೆ ಕೂರಿಸಬೇಕಾಗುತ್ತದೆ. ಪ್ರೈಮರ್ ಗುಂಡಿ ಸಡಿಲವಾದ ಕೇಸು, ತಳದ ಹತ್ತಿರ ಸುತ್ತಲೂ ಹೊಳೆಯುವ ಗೆರೆ ಬಿದ್ದ ಕೇಸು ಸಿಕ್ಕರೆ ಇಕ್ಕಳದಲ್ಲಿ ಬಾಯಿ ಅಮುಕಿ ಗುಜರಿಗೆ ಹಾಕಿ, ಮರೆತು ಮತ್ತೆ ತುಂಬುವ ಹಾಗಾಗಬಾರದು. ಕೈ ಸೋಪು ಹಾಕಿ ತೊಳೆದೇ ಊಟಕ್ಕೆ ಕೂರಿ. ಹೊಡೆದ ಪ್ರೈಮರಿನ ಧೂಳಿನಲ್ಲಿ ಸೀಸ ಇರುತ್ತದೆ.